ಮೂರು ದೇಶ ಕಂಡ ಗೌಂಡಿಯ ಹಾಜರಿ ಪುಸ್ತಕ

ಗಿರಾಕಿಗೆ ಚಹಾದ ಜೊತೆ ಒಂದಿಷ್ಟು ಲೋಕಜ್ಞಾನವನ್ನೂ ಬಡಿಸುವುದು ನನ್ನ ಹಳೆಯ ಚಾಳಿ. ನಾನು ಶಾಲೆಯ ಮೆಟ್ಟಿಲು ಹತ್ತಿದ್ದು ನಾಲ್ಕೇ ವರ್ಷ. ಉಳಿದದ್ದನ್ನೆಲ್ಲ ಗಿರಾಕಿಗಳು ಮೇಜಿನ ಮೇಲೆ ಬಿಟ್ಟುಹೋದ ಪೇಪರುಗಳಿಂದಲೇ ಹೆಕ್ಕಿದೆ. ಯಾವ ದೇಶದಲ್ಲಿ ಕಸ ಎಸೆದರೆ ಎಷ್ಟು ದಂಡ, ಯಾವ ಊರಿನ ಕಚೇರಿಯಲ್ಲಿ ಅರ್ಜಿ ಕೊಟ್ಟ ಎಷ್ಟು ದಿನಕ್ಕೆ ಕೆಲಸ ಆಗುತ್ತದೆ, ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಹೇಳದಿದ್ದರೆ ಹೊಟ್ಟೆ ಉಬ್ಬರಿಸುತ್ತಿತ್ತು.

ಮುಂಬಯಿ ಹೊರವಲಯದ ಡೊಂಬಿವಲಿ ಪೂರ್ವದಿಂದ ಎಂಐಡಿಸಿ ಕಾರ್ಖಾನೆಗಳ ಕಡೆಗೆ ಹೋಗುವ ರಸ್ತೆಯ ನಾಕಾದಲ್ಲಿ, ಅಂದರೆ ಚೌಕದಲ್ಲಿ, ನನ್ನ ಹೋಟೆಲು. ಬೆಳಿಗ್ಗೆ ಏಳು ಗಂಟೆಗೆ ಕೂಲಿಯವರು ಅಲ್ಲಿ ಬಂದು ನಿಲ್ಲುತ್ತಾರೆ. ಗೌಂಡಿಯ ಕೈಯಲ್ಲಿ ಕರಣಿ, ಬಣ್ಣದವನ ಕೈಯಲ್ಲಿ ಬ್ರಷ್ಷು, ಏನೂ ಇಲ್ಲದವನ ಕೈಯಲ್ಲಿ ಬುತ್ತಿ. ಕಂಟ್ರಾಕ್ಟರು ಬೈಕಿನಲ್ಲಿ ಬಂದು ಬೆರಳು ತೋರಿಸಿ ಬೇಕಾದವರನ್ನು ಕರೆದೊಯ್ಯುತ್ತಾನೆ. ಹೆಸರು ಅವನೂ ಕೇಳುವುದಿಲ್ಲ, ಇವರೂ ಕೇಳುವುದಿಲ್ಲ.

ಎರಡು ಸಾವಿರದ ಹನ್ನೆರಡರ ಒಂದು ಬೆಳಿಗ್ಗೆ ನಾನು ಸಿಂಗಾಪುರದ ಗುಣಗಾನದಲ್ಲಿ ಮುಳುಗಿದ್ದೆ. "ಅಲ್ಲಿ ಕಚೇರಿಯಲ್ಲಿ ಬಡವ ಬಲ್ಲಿದ ಅಂತ ಇಲ್ಲ ಮಾರಾಯ್ರೆ. ಕೂಲಿಯವನೂ ರಾಜನ ಹಾಗೆ ಬದುಕ್ತಾನೆ," ಎಂದೆ.

ಮೂಲೆಯ ಮೇಜಿನಿಂದ ಒಂದು ಸ್ವರ ಬಂತು. "ರಾಜನಂಗ ಅಲ್ರಿ ಸಾವ್ಕಾರ್ರ. ಒಂದು ಖೋಲ್ಯಾಗ ಹನ್ನೆರಡು ಮಂದಿ ಇದ್ದೆವ್ರಿ."

ತಿರುಗಿ ನೋಡಿದೆ. ಸುಣ್ಣ ಸಿಡಿದ ಅಂಗಿ, ಗೀರು ಬಿದ್ದ ಕೈ, ಎರಡು ಇಡ್ಲಿಯನ್ನು ನಾಲ್ಕರ ಹಾಗೆ ನಿಧಾನಕ್ಕೆ ತಿನ್ನುತ್ತಿದ್ದ ಐವತ್ತರ ಹತ್ತಿರದ ಮನುಷ್ಯ.

"ನೀನು ಸಿಂಗಾಪುರ ಎಲ್ಲಿ ನೋಡಿದ್ದು?" ಎಂದೆ, ಸ್ವಲ್ಪ ಬಿಗಿಯಾಗಿಯೇ.

"ಮೂರು ವರ್ಷ ಪ್ಲಾಸ್ಟರ್ ಮಾಡೀನ್ರಿ ಅಲ್ಲಿ. ಅದರಕ್ಕಿಂತ ಮೊದಲ ಮಸ್ಕತ್ ನಾಕು ವರ್ಷ."

ಗಲ್ಲೆಯಲ್ಲಿ ಕೂತಿದ್ದ ನನ್ನ ಹೆಂಡತಿ ಹರಿಣಾಕ್ಷಿ ಬಾಯಿಗೆ ಸೆರಗು ಅಡ್ಡ ಹಿಡಿದಳು. "ಪೇಪರಿನವರು ಸೋತರು," ಎಂದು ತುಳುವಿನಲ್ಲಿ ಹೇಳಿದ್ದು ನನಗೆ ಮಾತ್ರ ಕೇಳಿಸಿತು.

ಹಣಮಂತ್ರಾಯ ನನಗೆ ಪರಿಚಯವಾದದ್ದು ಹೀಗೆ. ಅಂದಿನಿಂದ ನಾನು ಹೇಳುವುದು ಕಡಿಮೆಯಾಯಿತು, ಕೇಳುವುದು ಹೆಚ್ಚಾಯಿತು.

ಅವನದು ಕಲಬುರಗಿ ಜಿಲ್ಲೆ, ಸೇಡಂ ಕಡೆಯ ಹಳ್ಳಿ. ಹದಿನೈದರ ವಯಸ್ಸಿನಲ್ಲಿ ಅಪ್ಪನ ಜೊತೆ ಮುಂಬಯಿ ಕಡೆಯ ಕಲ್ಯಾಣಕ್ಕೆ ಬಂದು ಇಟ್ಟಿಗೆ ಹೊತ್ತ. ಹೊರುತ್ತಾ ಕಟ್ಟುವುದನ್ನು ನೋಡಿ ಕಲಿತ. ಸಣಕಲು ಮನುಷ್ಯನಾದರೂ ಅವನು ಎಳೆದ ಪ್ಲಾಸ್ಟರಿನ ಮೇಲೆ ಕೈಯ ಬೆನ್ನು ಸವರಿದರೆ ಹಸುಗೂಸಿನ ಕೆನ್ನೆ ಮುಟ್ಟಿದ ಹಾಗೆ. ಘೋಡಬಂದರ್ ರಸ್ತೆಯ ಎಷ್ಟೋ ಗೋಪುರಗಳ ಒಳಗೋಡೆ ಅವನ ಕೈಯದು. ಬಸ್ಸಿನಲ್ಲಿ ಹೋಗುವಾಗ "ಆ ಹನ್ನೊಂದನೆ ಮಾಳಿಗಿ ನಂದು" ಎನ್ನುತ್ತಿದ್ದ. ಕೇಳಿದವರು ಫ್ಲ್ಯಾಟು ಇವನದೇ ಎಂದುಕೊಂಡು ಮೇಲಿಂದ ಕೆಳಗೆ ನೋಡುತ್ತಿದ್ದರು.

ಮಸ್ಕತ್ತಿನಲ್ಲಿ ಇಳಿದ ವಾರದಲ್ಲೇ ಕೈಗೆ ಒಂದು ಗುರುತಿನ ಕಾರ್ಡು ಬಂತಂತೆ. ಅದಕ್ಕೆ ಅಲ್ಲಿಯವರು ಬತಾಕಾ ಅನ್ನುತ್ತಾರೆ. ಕಾರ್ಡು ಇವನ ಕಿಸೆಯಲ್ಲಿ, ಪಾಸ್‌ಪೋರ್ಟು ಮಾತ್ರ ಮಾಲೀಕನ ಮೇಜಿನ ಖಾನೆಯಲ್ಲಿ. ತಾಯಿ ತೀರಿಕೊಂಡ ಸುದ್ದಿ ಬಂದಾಗ ಖಾನೆ ತೆರೆಯಲು ಹದಿನೇಳು ದಿನ ಹಿಡಿಯಿತು. ಸಿಂಗಾಪುರಕ್ಕೆ ಹೋಗುವ ಮೊದಲು ಚೆನ್ನೈ ಹತ್ತಿರ ಪರೀಕ್ಷೆ ಕೊಟ್ಟ. ಗೋಡೆಗೆ ಗಾರೆ ಬಳಿದು ತೋರಿಸಿ ಪಾಸಾಗುವ ಪರೀಕ್ಷೆ. ಸಿಂಗಾಪುರದಲ್ಲಿ ಇಳಿದ ಮೇಲೆ ಎತ್ತರದಲ್ಲಿ ಕೆಲಸ ಮಾಡುವುದು ಹೇಗೆ, ಬೀಳದ ಹಾಗೆ ಪಟ್ಟಿ ಕಟ್ಟಿಕೊಳ್ಳುವುದು ಹೇಗೆ ಎಂದು ಕೂರಿಸಿ ಕಲಿಸಿದರು. ದಿನದ ಕೆಲಸ ಮುಗಿದ ಮೇಲೆ ಪ್ರತಿಯೊಬ್ಬನ ಹಾಜರಿ ಕಾರ್ಡಿಗೆ ಚೀನೀ ಫೋರ್ಮನ್ ಸಹಿ ಹಾಕಲೇಬೇಕು. ಒಂದು ಸಹಿ ಬಿಟ್ಟರೆ ಇವನಿಗಿಂತ ಹೆಚ್ಚು ಪಜೀತಿ ಫೋರ್ಮನ್ನಿಗೆ. ಆದರೆ ಮಾಲೀಕನಿಗೆ ಇವನು ಬೇಡವಾದ ದಿನ ಕಾರ್ಡು ರದ್ದು, ಹೊರಡಲು ಎಣಿಸಿದಷ್ಟೇ ದಿನ. ಬೇರೆ ಮಾಲೀಕನನ್ನು ಹುಡುಕಿಕೊಳ್ಳುವ ಹಾಗಿರಲಿಲ್ಲ. ಎರಡು ಸಾವಿರದ ಒಂಬತ್ತರಲ್ಲಿ ಅವನು ತಿರುಗಿ ಬಂದದ್ದು ಹಾಗೆಯೇ.

ಬರುವಾಗ ದುಡ್ಡಿನ ಗಂಟಿಗಿಂತ ಗಟ್ಟಿಯಾದ ಒಂದು ಅಭ್ಯಾಸ ತಂದ. ದಿನಾ ಕೆಲಸ ಬಿಟ್ಟ ಮೇಲೆ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ತಾರೀಕು, ಜಾಗ, ಮಾಡಿದ ಕೆಲಸ, ಕರೆದವನ ಹೆಸರು ಬರೆಯುವುದು; ಕೆಲಸದ ವಿವರ ಕನ್ನಡದಲ್ಲಿ, ಉಳಿದದ್ದು ಹಿಂದಿ ಅಕ್ಷರದಲ್ಲಿ. ನಾಕಾದವರು ನಕ್ಕರು. "ಹಣಮಂತ್ರಾಯಾ, ಇದನ್ನ ಯಾರಿಗಿ ತೋರಸ್ತಿ? ಯಮಧರ್ಮಗೇನು?" ಎಂದು ಕೆಣಕಿದರು. ಇವನು ಪೆನ್ನಿನ ಮುಚ್ಚಳ ಹಾಕಿ ನಡೆಯುತ್ತಿದ್ದ.

ತೋರಿಸುವ ಕಾಲ ಎರಡು ಸಾವಿರದ ಹದಿನಾಲ್ಕರ ಮಳೆಗಾಲದಲ್ಲಿ ಬಂತು. ಅವನ ಮಗಳು ಜ್ಯೋತಿ ಹನ್ನೆರಡನೆಯ ತರಗತಿ ಪಾಸಾಗಿ ಕಲ್ಯಾಣದ ಒಂದು ನರ್ಸಿಂಗ್ ಕಾಲೇಜಿನಲ್ಲಿ ಸೀಟು ಗಿಟ್ಟಿಸಿದ್ದಳು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ತಂದೆಯ ಹೆಸರು ನೋಂದಣಿಯಾಗಿದ್ದರೆ ಓದಿನ ಖರ್ಚಿಗೆ ನೆರವು ಸಿಗುತ್ತದೆ ಎಂದು ಅವಳೇ ಮೊಬೈಲಿನಲ್ಲಿ ಹುಡುಕಿ ತೆಗೆದಳು. ನೆರವಿಲ್ಲದೆ ಆ ಸೀಟು ಅವರ ಕೈಗೆ ಎಟಕುವಂಥದಲ್ಲ. ನೋಂದಣಿಯ ರಸೀತಿಯನ್ನು ಜುಲೈ ಮೂವತ್ತೊಂದರೊಳಗೆ ಕಾಲೇಜಿಗೆ ಕೊಡಬೇಕು. ನೋಂದಣಿಗೆ ಬೇಕಾದದ್ದು ಒಂದೇ: ಹಿಂದಿನ ಹನ್ನೆರಡು ತಿಂಗಳಲ್ಲಿ ತೊಂಬತ್ತು ದಿನವಾದರೂ ಕಟ್ಟಡದ ಕೆಲಸ ಮಾಡಿದ್ದಕ್ಕೆ ಕೆಲಸ ಕೊಟ್ಟವರ ದಾಖಲೆ.

"ತೊಂಬತ್ತೇನ್ರಿ, ನಂದು ನೂರಾ ನಲವತ್ತದ," ಎಂದು ನೋಟ್‌ಬುಕ್ಕನ್ನು ಎದೆಗೊತ್ತಿಕೊಂಡು ಬಂದ. ಮರಾಠಿ ಮಾತಾಡಲು ಜೊತೆಗಿರಲಿ ಎಂದು ನನ್ನನ್ನು ಠಾಣೆ ಪಟ್ಟಣದಲ್ಲಿದ್ದ ಮಂಡಳಿಯ ಕಚೇರಿಗೆ ಕರೆದೊಯ್ದ. ಜ್ಯೋತಿಯೂ ಬಂದಳು.

ಮೇಜಿನ ಹಿಂದೆ ಕನ್ನಡಕ ಹಾಕಿದ ಹೆಂಗಸು. ಪುಸ್ತಕ ತೆರೆದು ಮೊದಲು ಮೆಚ್ಚಿದರು. ಇಷ್ಟು ಚೆಂದದ ಹಾಜರಿಯನ್ನು ಇಂಜಿನಿಯರುಗಳೂ ಬರೆಯುವುದಿಲ್ಲ ಅಂದರು. ಆಮೇಲೆ ಅವರ ಬೆರಳು ಕೊನೆಯ ಕಾಲಮಿಗೆ ಹೋಗಿ ನಿಂತಿತು.

"ಹಾ ಬುಲೆಟ್ ಶೇಠ್ ಕೋಣ್?" ಯಾರಿವನು ಎಂದು ಮರಾಠಿಯಲ್ಲಿ ಕೇಳಿದರು.

"ಬುಲೆಟ್ ಗಾಡಿ ಮ್ಯಾಲ ಬರತಾರ್ರಿ," ಎಂದ ಹಣಮಂತ್ರಾಯ. ನಾನು ಮರಾಠಿಯಲ್ಲಿ ಒಪ್ಪಿಸಿದೆ.

"ಆಣಿ ಹಾ ಪೆಪ್ಸಿ? ಕಾಲಾ ಚಷ್ಮಾ?"

ಜ್ಯೋತಿ ಅಪ್ಪನ ಭುಜದ ಮೇಲಿಂದ ಬಗ್ಗಿ ನೋಡಿ ಹಣೆ ಚಚ್ಚಿಕೊಂಡಳು. "ಪಪ್ಪಾ! ಇಸ್‌ಮೇ ತೋ ಕಿಸೀಕಾ ಭೀ ಅಸಲೀ ನಾಮ್ ನಹೀಂ ಹೈ!"

ಒಬ್ಬನದೂ ನಿಜವಾದ ಹೆಸರಿಲ್ಲ. ನಾಕಾದಲ್ಲಿ ಯಾರೂ ಯಾರ ಹೆಸರೂ ಕೇಳುವುದಿಲ್ಲವಲ್ಲ. ಕಪ್ಪು ಕನ್ನಡಕದವನಾದರೆ ಕಾಲಾ ಚಷ್ಮಾ, ಹೀಗೆ ಕಂಡದ್ದನ್ನೇ ಇವನು ಬರೆದಿದ್ದ. ಪಕ್ಕದ ಮೇಜಿನವರು ನಕ್ಕರು. ಕನ್ನಡಕದ ಹೆಂಗಸು ನಗಲಿಲ್ಲ. ಬೇರೆ ಬೇರೆ ಮಾಲೀಕರಿದ್ದರೂ ಅಡ್ಡಿಯಿಲ್ಲ, ಆದರೆ ಪ್ರತಿಯೊಬ್ಬನ ಪೂರ್ತಿ ಹೆಸರು, ವಿಳಾಸ, ಸಹಿ ಬೇಕು. ಆ ಮಾಲೀಕರು ಬರೆದ ಕೆಲಸಕ್ಕೂ ಈ ಪುಸ್ತಕಕ್ಕೂ ತಾಳೆಯಾಗಬೇಕು ಎಂದು ವಿವರವಾಗಿ ಹೇಳಿ ಖಾಲಿ ಫಾರಮ್ಮುಗಳನ್ನು ಕೊಟ್ಟರು. ಕೈಯಲ್ಲಿ ಉಳಿದದ್ದು ಹದಿನಾರು ದಿನ.

ಲೋಕಲ್ ಟ್ರೈನಿನಲ್ಲಿ ನಿಂತೇ ಬಂದೆವು. ಮುಂಬ್ರಾ ದಾಟುವವರೆಗೆ ಅವನು ಖಾಲಿ ಫಾರಮ್ಮುಗಳನ್ನು ಎಣಿಸುತ್ತಲೇ ಇದ್ದ. ಸಮಾಧಾನಕ್ಕೆಂದು ನಾನೇ ಕೇಳಿದೆ, "ಮೂರು ದೇಶ ನೋಡಿದವ ನೀನು. ಯಾವುದು ಒಳ್ಳೆಯದು ಹೇಳು."

"ಹಂಗ ಹೇಳಲಕ್ಕ ಬರಂಗಿಲ್ರಿ ಸಾವ್ಕಾರ್ರ. ಅಲ್ಲಿ ನಾ ಕೆಲಸ ಮಾಡೀನಿ ಅಂತ ಮಾಲಕ ತೋರಸ್ಬೇಕಿತ್ತು. ಇಲ್ಲಿ ನಾನ ತೋರಸ್ಬೇಕು. ಅಷ್ಟೇ ಫರಕ." ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡ. "ಆದ್ರ ಅಲ್ಲಿ ಬ್ಯಾಡಾದ ಮಾಲಕನ್ನ ಬಿಟ್ಟು ಬರಲಕ್ಕ ಆಗ್ತಿರಲಿಲ್ಲ. ಇಲ್ಲಿ ನಾಳೆ ಬುಲೆಟ್ ಸೇಠ್ ಬೈದ್ರ ನಾಡದ್ದು ಪೆಪ್ಸಿ ಹಿಂದ ಹೋಗತೀನಿ. ಅಲ್ಲಿ ನನಗ ಹೆಸರಿತ್ತು, ಕಾಲು ಇರಲಿಲ್ಲ. ಇಲ್ಲಿ ಕಾಲು ಅವ."

ನಲವತ್ತು ವರ್ಷ ಪೇಪರು ಓದಿದ ನನಗೆ ಯಾವ ಸಂಪಾದಕನೂ ಇಷ್ಟು ಬಿಡಿಸಿ ಹೇಳಿರಲಿಲ್ಲ.

ಮರುದಿನದಿಂದ ಹೆಸರು ಹುಡುಕುವ ತಿರುಗಾಟ. ಪೆಪ್ಸಿ ನಾಶಿಕ್ ಕಡೆ ಹೋಗಿದ್ದ, ಫೋನು ಬಂದ್. ಇನ್ನು ಮೂವರು ಎಲ್ಲಿದ್ದಾರೆಂದು ನಾಕಾಕ್ಕೇ ಗೊತ್ತಿರಲಿಲ್ಲ. ಘನ್ಸೋಲಿಯ ಕಾಲಾ ಚಷ್ಮಾ ಸಿಕ್ಕಿದ. ಅವನು ಹೃಷೀಕೇಶ ಎಂಬ ಮರಾಠಿ ಸೂಪರ್‌ವೈಸರ್. ನಾಲ್ಕು ದಿನ ಓಡಾಡಿಸಿ, ತನ್ನ ಸಾಹೇಬನನ್ನು ಕೇಳಿ, ಮೂವತ್ತೇಳು ದಿನಕ್ಕೆ ಸಹಿ ಹಾಕಿಸಿಕೊಟ್ಟ. ಮಿಕ್ಕ ದೊಡ್ಡ ಪಾಲು ಬುಲೆಟ್ ಸೇಠನದು, ನಲವತ್ತೊಂಬತ್ತು ದಿನ.

ಬುಲೆಟ್ ಸೇಠ್ ನಮ್ಮ ಕಾರ್ಕಳದ ಕಡೆಯವನೇ. ಮರಗೆಲಸದ ಮನೆತನ. ಸೆಂಟ್ರಿಂಗ್ ಹಲಗೆ ಬಡಿಯುತ್ತಾ ಬಂದು ಕಂಟ್ರಾಕ್ಟರನಾದವನು. ಎಷ್ಟೋ ವರ್ಷ ನನ್ನ ಹೋಟೆಲಿನಲ್ಲಿ ಚಹಾ ಕುಡಿದಿದ್ದಾನೆ. ಅವನ ಹೆಸರು ಪುಂಡರೀಕಾಕ್ಷ ಆಚಾರ್ಯ ಎಂದು ನನಗೆ ತಿಳಿದದ್ದು ಅಂದು ಸಂಜೆ.

"ಆ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಸಿಮೆಂಟಿನವನು ಫೋನೇ ಇಡ್ತಾನೆ ಗುಣಪಾಲಣ್ಣ. ಹಾಗಾಗಿ ಬುಲೆಟ್ಟೇ ಸಾಕು ಅಂತ ಬಿಟ್ಟೆ," ಎಂದು ನಕ್ಕ. ಫಾರಮ್ಮು ನೋಡಿದ ಮೇಲೆ ನಗು ಹೋಯಿತು. "ಇದಕ್ಕೆ ಸಹಿ ಹಾಕಿದರೆ ನಾನು ಮಾಲೀಕ ಅಂತ ಆಗ್ತದೆ. ನಾಳೆ ಇವ ಎಲ್ಲಾದರೂ ಬಿದ್ದರೆ? ಲೇಬರ್ ಆಫೀಸಿನವರು ಮಿಕ್ಕ ಮೂವತ್ತು ಜನರ ಕಾಗದ ಎಲ್ಲಿ ಅಂತ ಕೇಳಿದರೆ?"

ನಾನು ಸುಮ್ಮನಿರಲಿಲ್ಲ. "ನಲವತ್ತೊಂಬತ್ತು ದಿನ ದುಡಿಸಿಕೊಳ್ಳುವಾಗ ಮಾಲೀಕ, ಸಹಿ ಹಾಕುವಾಗ ದಾರಿಹೋಕನಾ? ಸಿಂಗಾಪುರದಲ್ಲಾಗಿದ್ದರೆ ನಿನ್ನನ್ನು ಕಟ್ಟಿ ಹಾಕ್ತಿದ್ದರು," ಎಂದು ಗುಡುಗಿದೆ.

"ಇದು ಡೊಂಬಿವಲಿ ಮಾರಾಯ್ರೆ."

ಹಣಮಂತ್ರಾಯ ಜಗಳಕ್ಕೆ ಬರಲಿಲ್ಲ. ಪುಸ್ತಕ ತೆರೆದು ಕನ್ನಡಿ ಹಿಡಿದ ಹಾಗೆ ಮುಂದೆ ಹಿಡಿದು ಓದಿದ. "ಸಪ್ಟೆಂಬರ್ ಹನ್ನೊಂದು. ಖಡಕ್‌ಪಾಡಾ. ಸ್ಲ್ಯಾಬ್. ಮಧ್ಯಾಹ್ನ ಜೋರು ಮಳಿ. ಮಂದಿ ಕಮ್ಮಿ. ಬುಲೆಟ್ ಸೇಠ್ ತಾವೇ ಬುಟ್ಟಿ ಹೊತ್ತರು."

ಪುಂಡರೀಕಾಕ್ಷ ಪುಸ್ತಕವನ್ನು ಕೈಗೆ ತೆಗೆದುಕೊಂಡ. "ಇದನ್ನೂ ಬರ್ದಿದ್ದೀಯಾ?"

"ಮಾಡಿದ ಕೆಲಸ ಬರೀಬೇಕಲ್ರಿ. ಯಾರ ಮಾಡಿದ್ರೂ ಕೆಲಸಾನೇ."

ಅವನು ಎರಡು ಸಲ ಓದಿದ. ಮೂವತ್ತು ವರ್ಷದಲ್ಲಿ ಅವನು ಹೊತ್ತ ಬುಟ್ಟಿಯನ್ನು ಯಾರೂ ಬರೆದಿಟ್ಟಿರಲಿಕ್ಕಿಲ್ಲ. ಕಿಸೆಯಿಂದ ಪೆನ್ನು ತೆಗೆದು, ಅಷ್ಟುದ್ದದ ಹೆಸರನ್ನು ಒಂದಕ್ಷರ ಬಿಡದೆ ಬರೆದು ಸಹಿ ಹಾಕಿದ. ನಂತರ ಹಾಳೆ ಮಗುಚುತ್ತಾ ಹೋದವನು ಒಂದು ಕಡೆ ನಿಂತು, ನನ್ನನ್ನು ಓರೆಗಣ್ಣಿನಿಂದ ನೋಡಿದ.

"ಮೂವತ್ತೇಳು, ನನ್ನದು ನಲವತ್ತೊಂಬತ್ತು. ಎಂಬತ್ತಾರಾಯ್ತು. ಇಲ್ಲಿ ಇನ್ನೂ ಆರು ದಿನ ಉಂಟಲ್ಲ. ಈ ಇಡ್ಲಿ ಸೇಠ್ ಅಂದರೆ ಯಾರು, ನಿಮಗೆ ಗೊತ್ತುಂಟಾ ಗುಣಪಾಲಣ್ಣ?"

ಹಣಮಂತ್ರಾಯ ನೆಲ ನೋಡಿದ.

ಹಿಂದಿನ ದೀಪಾವಳಿಯ ಮುಂಚೆ ನನ್ನ ಅಡುಗೆಮನೆಯ ಮೇಲೆ ಒಂದು ಅಟ್ಟ ಕಟ್ಟಿಸಿದ್ದೆ. ಕೆಳಗೆ ಅಕ್ಕಿ ಚೀಲ ಇಡಲು ಜಾಗವಿರಲಿಲ್ಲ, ಅಡುಗೆಯವರಿಗೆ ಬೆನ್ನು ಚಾಚಲು ಜಾಗವಿರಲಿಲ್ಲ. ಕಟ್ಟಿದವನು ಇದೇ ಹಣಮಂತ್ರಾಯ, ಆರು ದಿನ. ಮುನಸಿಪಾಲ್ಟಿಯ ಅನುಮತಿ ಮಾತ್ರ ತೆಗೆದಿರಲಿಲ್ಲ. ಕೇಳಿದ್ದರೆ ಕೊಡುತ್ತಿರಲಿಲ್ಲ ಎಂದು ಗೊತ್ತಿದ್ದೇ ಕೇಳಿರಲಿಲ್ಲ. ಈಗ ಸಹಿ ಹಾಕಿದರೆ, ಇಂಥ ಜಾಗದಲ್ಲಿ ಇಂಥ ಕಳ್ಳ ಅಟ್ಟವನ್ನು ಕಟ್ಟಿಸಿದವನು ನಾನೇ ಎಂದು ಸರ್ಕಾರದ ಕಾಗದದಲ್ಲಿ ನನ್ನ ಕೈಯಾರೆ ಬರೆದುಕೊಟ್ಟ ಹಾಗೆ.

"ನಾಳೆ ನೋಡುವ," ಎಂದೆ. ನನ್ನ ಸ್ವರ ನನಗೇ ಬೇರೆ ಯಾರದೋ ಅನ್ನಿಸಿತು.

ನಾಳೆ ಹೋಗಿ ನಾಡಿದ್ದಾಯಿತು. ಹಣಮಂತ್ರಾಯ ಎಂದಿನಂತೆ ಬಂದು ಇಡ್ಲಿ ತಿಂದು ಹೋದ, ಫಾರಮ್ಮಿನ ಮಾತೆತ್ತಲಿಲ್ಲ. ಅವನು ಹಕ್ಕಿನಿಂದ ಕೇಳಿದ್ದರೆ ನನಗೆ ಸಿಟ್ಟು ಮಾಡಿಕೊಳ್ಳಲು ಒಂದು ನೆಪ ಸಿಗುತ್ತಿತ್ತು. ಜುಲೈ ಇಪ್ಪತ್ತೊಂಬತ್ತರ ಬೆಳಿಗ್ಗೆ ಅವನ ಹೆಂಡತಿ ಚಂದ್ರಬಾಯಿ ಬಂದು ಹರಿಣಾಕ್ಷಿಯ ಹತ್ತಿರ ಏನೋ ಮೆಲ್ಲಗೆ ಮಾತಾಡಿ ಹೋದಳು. ಗಿರಾಕಿಗಳ ಸಂದಣಿ ತೆಳುವಾದ ಮೇಲೆ ಹರಿಣಾಕ್ಷಿ ಗಲ್ಲೆಯಿಂದ ಎದ್ದು ಬಂದಳು.

"ಆ ಹೆಂಗಸು ಏನು ಕೇಳಿತು ಗೊತ್ತುಂಟಾ? ಸಾವ್ಕಾರ್ರಿಗೆ ನಮ್ಮಿಂದ ಏನಾದರೂ ತಪ್ಪಾಯ್ತಾ ಅಂತ."

ನಾನು ಪೇಪರು ಮಡಚಿದೆ.

"ಊರಿಗೆಲ್ಲ ಸಿಂಗಾಪುರದ ನ್ಯಾಯ, ನಮ್ಮ ಅಟ್ಟಕ್ಕೆ ಡೊಂಬಿವಲಿ ನ್ಯಾಯವಾ?"

"ನಾಳೆ ಅಟ್ಟ ಒಡೀತಾರೆ, ನೋಟೀಸು ಕೊಡ್ತಾರೆ, ಗೊತ್ತುಂಟಾ ನಿನಗೆ?"

"ಒಡೀಲಿ. ಆ ಹುಡುಗಿಯ ಕಾಲೇಜಿಗಿಂತ ನಿಮ್ಮ ಅಕ್ಕಿ ಚೀಲ ದೊಡ್ಡದಾ?"

ಮಧ್ಯಾಹ್ನ ಹಣಮಂತ್ರಾಯನನ್ನು ಕರೆಸಿದೆ. ಫಾರಮ್ಮಿನಲ್ಲಿ ಹೆಸರು ಬರೆದೆ, ವಿಳಾಸ ಬರೆದೆ. 'ಕೆಲಸದ ಬಗೆ' ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಅವನಿಗೆ ಅರ್ಥವಾಯಿತು.

"ದುರಸ್ತಿ ಅಂತ ಬರೀರಿ ಸಾವ್ಕಾರ್ರ. ನನ್ನ ಸಲುವಾಗಿ ನಿಮಗ್ಯಾಕ ತ್ರಾಸ."

ಆಸೆಯೇನೋ ಆಯಿತು. ಆದರೆ ಪುಸ್ತಕಕ್ಕೆ ತಾಳೆಯಾಗಬೇಕು ಎಂದು ಕನ್ನಡಕದ ಹೆಂಗಸು ಹೇಳಿದ್ದರು. ಪುಸ್ತಕದಲ್ಲಿ ಅವನ ಗುಂಡಗಿನ ಅಕ್ಷರದಲ್ಲಿ, 'ಅಡಗಿಮನಿ ಮ್ಯಾಲ ಅಟ್ಟ, ಹೊಸದು' ಎಂದು ಆರು ಸಾಲಿತ್ತು. ನನ್ನ ಒಂದು ಸುಳ್ಳಿಗೆ ಅವನ ನೂರಾ ನಲವತ್ತು ದಿನದ ಮೇಲೆ ಅನುಮಾನ ಬೀಳಬಾರದಲ್ಲ. 'ಅಡುಗೆಮನೆಯ ಮೇಲೆ ಹೊಸ ಅಟ್ಟ' ಎಂದೇ ಬರೆದೆ. ಕೆಳಗೆ ಸಹಿ. ಅದರ ಮೇಲೆ ಹೋಟೆಲಿನ ರಬ್ಬರ್ ಸ್ಟ್ಯಾಂಪನ್ನೂ ಒತ್ತಿದೆ, ಫಾರಮ್ಮು ಕೇಳಿರದಿದ್ದರೂ.

ಮೂವತ್ತರಂದು ಠಾಣೆಯಲ್ಲಿ ಕನ್ನಡಕದ ಹೆಂಗಸು ಕನ್ನಡದ ಸಾಲುಗಳನ್ನು ನನ್ನಿಂದ ಓದಿಸಿಕೊಂಡು ಒಂದೊಂದು ದಿನವನ್ನೂ ಬೆರಳಿಟ್ಟು ತಾಳೆ ನೋಡಿದರು. ತೊಂಬತ್ತೆರಡು. ಠಪ್ಪೆಂದು ಮುದ್ರೆ ಬಿತ್ತು. ರಸೀತಿಯಲ್ಲಿ ಹೆಸರಿನ ಮುಂದೆ ಉದ್ಯೋಗ, ಗೌಂಡಿ. ಹಣಮಂತ್ರಾಯ ಅದನ್ನು ಓದಿ, ಮಗಳ ಕೈಯಿಂದ ಓದಿಸಿ, ಆಮೇಲೆ ನನ್ನ ಕೈಗೂ ಕೊಟ್ಟ. "ಇಲ್ಲೀನೂ ಹೆಸರು ಬಂತ್ರಿ," ಎಂದಷ್ಟೇ ಹೇಳಿದ. ಜ್ಯೋತಿ ಆ ಸಂಜೆಯೇ ಕಾಲೇಜಿನಲ್ಲಿ ಅದನ್ನು ಕೊಟ್ಟಳು. ಸೀಟು ಉಳಿಯಿತು.

ಅಟ್ಟದ ವಿಷಯಕ್ಕೆ ನೋಟೀಸೂ ಬರಲಿಲ್ಲ, ಯಾರೂ ಬರಲಿಲ್ಲ. ಆ ಕಚೇರಿಗೂ ಈ ಕಚೇರಿಗೂ ಮಾತುಕತೆಯೇ ಇರಲಿಕ್ಕಿಲ್ಲ. ಆದರೆ ಬರೆದುಕೊಟ್ಟ ಮೇಲೆ ಆ ಅಟ್ಟ ನನ್ನ ತಲೆಯ ಮೇಲೇ ಕೂತ ಹಾಗಾಯಿತು. ಖಾಕಿ ಅಂಗಿಯವನು ಚಹಾಕ್ಕೆ ಬಂದರೂ ಕಣ್ಣು ಮೇಲಕ್ಕೆ ಹೋಗುತ್ತಿತ್ತು. ಸಕ್ರಮ ಮಾಡಬಹುದೇ ಎಂದು ಒಬ್ಬ ಇಂಜಿನಿಯರನನ್ನು ಕರೆಸಿ ಕೇಳಿದೆ. ಎತ್ತರ ಸಾಲದು, ಯಾವ ನಿಯಮದಲ್ಲೂ ಕೂರುವುದಿಲ್ಲ ಎಂದ. ಒಡೆಸುವುದೆಂದು ತೀರ್ಮಾನಿಸಿದೆ. ಎರಡು ಓಣಿ ಆಚೆ ಒಂದು ಖೋಲಿ ಬಾಡಿಗೆಗೆ ಹಿಡಿದು ಅಕ್ಕಿಯನ್ನೂ ಅಡುಗೆಯವರನ್ನೂ ಅಲ್ಲಿಗೆ ಸಾಗಿಸಿದೆ.

ಒಡೆಯಲು ಬಂದವನೂ ಹಣಮಂತ್ರಾಯನೇ. ಸುತ್ತಿಗೆ ಎತ್ತುವ ಮೊದಲು ತಾನು ಎಳೆದ ಪ್ಲಾಸ್ಟರಿನ ಮೇಲೆ ಒಮ್ಮೆ ಕೈ ಸವರಿದ.

"ಭಾಳ ಮಜಬೂತ್ ಆಗಿತ್ರಿ," ಎಂದ.

"ಕಟ್ಟಿದವ ಮೂರು ದೇಶದ ಗೌಂಡಿ ಅಲ್ವಾ," ಎಂದೆ.

ಎರಡು ದಿನ ಹಿಡಿಯಿತು. ಎರಡನೆಯ ದಿನ ಅವನ ಜೊತೆಯವನು ಬಾರದ್ದರಿಂದ ಮಣ್ಣು ಹೊರಲು ಜನವಿರಲಿಲ್ಲ. ನಾನೇ ಪಂಚೆ ಎತ್ತಿ ಕಟ್ಟಿ ಬುಟ್ಟಿಗೆ ಕೈ ಹಾಕಿದೆ. ಸಂಜೆ ಕೈಕಾಲು ತೊಳೆದು ಬಂದ ಅವನು ಹೊಸ ನೋಟ್‌ಬುಕ್ಕನ್ನು ನನ್ನ ಮುಂದೆ ಇಟ್ಟ. ಈಗ ಅದರಲ್ಲಿ ಒಂದು ಕಾಲಮು ಹೆಚ್ಚು, ಸಹಿಗೆ.

ತಾರೀಕು, ಜಾಗ. ಕೆಲಸ: ಅಟ್ಟ ಒಡೆದದ್ದು. ಮಾಲಕ: ಗುಣಪಾಲ ಸಾಲ್ಯಾನ್. ಅದರ ಕೆಳಗೆ ಇನ್ನೊಂದು ಸಾಲು: ಮಾಲಕರು ತಾವೇ ಬುಟ್ಟಿ ಹೊತ್ತರು.

ಹರಿಣಾಕ್ಷಿ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದಳು.

"ಎಷ್ಟು ಬುಟ್ಟಿ ಅಂತಲೂ ಬರಿ ಹಣಮಂತ್ರಾಯ. ನಾಲ್ಕು. ಇಲ್ಲದಿದ್ದರೆ ನಾಳೆ ಗಿರಾಕಿಗಳ ಹತ್ತಿರ ನಲವತ್ತು ಅಂತಾರೆ."

ಅವನು ನಗುತ್ತಾ 'ನಾಕು' ಎಂದು ಸೇರಿಸಿದ. ನಾನು ಸಹಿ ಹಾಕಿದೆ.